ಶಾಲೆಯಿಂದ ಎಡಿಎಚ್‌ಡಿ ಫಾರ್ಮು ಕೊಟ್ಟಿದ್ದಾರೆ, ಈಗೇನು ಮಾಡೋದು? ಕಾಸರಗೋಡಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವುದು, ಚಡಪಡಿಕೆ, ಆತುರ ಇವು ವಯಸ್ಸಿಗೆ ಮೀರಿ ಇದ್ದು ಮಗುವಿಗೆ ತೊಂದರೆ ಕೊಡುವ ಸ್ಥಿತಿ. ನಾನು ಡಾಕ್ಟರಲ್ಲ. ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ, ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳ ಜೊತೆ ಕೆಲಸ ಮಾಡುವವಳು. ಈ ಫಾರ್ಮು ತುಂಬುವಾಗ ಅಪ್ಪ ಅಮ್ಮಂದಿರ ಪಕ್ಕದಲ್ಲಿ ಕೂರುವುದು ನನ್ನ ಕೆಲಸದ ಒಂದು ಭಾಗ. ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ ಇರುತ್ತವೆ. ಕಾಯಿಲೆ, ಮಾತ್ರೆ ಅಂತ ಡಾಕ್ಟರ ಹತ್ತಿರ ಕೇಳಬೇಕಾದ್ದನ್ನು ಅವರ ಹತ್ತಿರವೇ ಕೇಳಿ. ಇಲ್ಲಿ ಹೇಳಿದ್ದು ಮುಖ್ಯವಾಗಿ ಫಾರ್ಮಿನ ಬಗ್ಗೆ.

ಇದು ಏನು ಫಾರ್ಮು? ನನ್ನ ಮಗನಿಗೇ ಯಾಕೆ ಕೊಟ್ಟರು?

ಮಗುವಿನ ಗಮನ, ಚಟುವಟಿಕೆ, ವರ್ತನೆ ಇವುಗಳನ್ನು ದಿನಾ ನೋಡುವವರಿಂದ ಬರೆಸಿಕೊಳ್ಳುವ ಪ್ರಶ್ನಾವಳಿ ಇದು. ರೇಟಿಂಗ್ ಸ್ಕೇಲ್ ಅನ್ನುತ್ತಾರೆ. ಒಂದೊಂದು ವಾಕ್ಯ ಇರುತ್ತದೆ, ಎದುರಿಗೆ ಮೂರು ನಾಲ್ಕು ಮನೆ. ಒಂದಕ್ಕೆ ಗುರುತು ಹಾಕಬೇಕು. ಡಾಕ್ಟರ ಎದುರು ಮಗು ಹದಿನೈದು ನಿಮಿಷ ಕೂರುತ್ತದೆ. ಹೊಸ ಜಾಗ, ಹೊಸ ಮುಖ ಅಂತ ಎಷ್ಟೋ ಮಕ್ಕಳು ಅಲ್ಲಿ ದೇವರ ಹಾಗೆ ಕೂತುಬಿಡುತ್ತಾರೆ, ಹಾಗಾಗಿ ಆರು ತಿಂಗಳಿಂದ ನೋಡಿದವರ ಮಾತು ಡಾಕ್ಟರಿಗೆ ಬೇಕಾಗುತ್ತದೆ.

ನಿಮ್ಮ ಮಗನಿಗೇ ಯಾಕೆ ಅಂದರೆ, ಕ್ಲಾಸಿನಲ್ಲಿ ಟೀಚರಿಗೆ ಏನೋ ಕಂಡಿದೆ. ಅಷ್ಟೇ. ಜಗತ್ತಿನಾದ್ಯಂತ ಸುಮಾರು 5% ಮಕ್ಕಳಲ್ಲಿ ಎಡಿಎಚ್‌ಡಿ ಇದೆ ಅನ್ನುತ್ತಾರೆ. ಅಂದರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬರೋ ಇಬ್ಬರೋ.

ಇದರಲ್ಲಿ ಪಾಸು ಫೇಲು ಇದೆಯಾ?

ಇಲ್ಲ. ಮಗು ಇದನ್ನು ಬರೆಯುವುದೇ ಇಲ್ಲವಲ್ಲ. ಬರೆಯುವುದು ನೀವು ಮತ್ತು ಟೀಚರು. ಬರುವ ಅಂಕಿಯಲ್ಲಿ ಮಗು ಎಷ್ಟಿದೆಯೋ ನೋಡಿದವರೂ ಅಷ್ಟೇ ಇರುತ್ತಾರೆ. ಅವರ ತಾಳ್ಮೆ, ಅವರ ಭಾಷೆ, ಆ ವಾರ ಅವರಿಗೆ ನಿದ್ದೆ ಆಗಿತ್ತಾ ಇಲ್ವಾ, ಎಲ್ಲ. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಎಷ್ಟು ತರದ ಸ್ಕೇಲು ಇವೆ? ನಮಗೆ ಕೊಟ್ಟದ್ದು ಯಾವುದು?

ಫಾರ್ಮಿನ ತಲೆಯ ಮೇಲೆ ಹೆಸರು ಇರುತ್ತದೆ, ನೋಡಿ. ನಮ್ಮ ಕಡೆ ಮತ್ತು ಮಂಗಳೂರಿನಲ್ಲಿ ಕೈಗೆ ಸಿಗುವಂಥವು ಇವು.

ವ್ಯಾಂಡರ್‌ಬಿಲ್ಟ್ ಸ್ಕೇಲ್. ಅಮೆರಿಕದ್ದು, 6ರಿಂದ 12 ವರ್ಷದ ಮಕ್ಕಳಿಗೆ ಅಂತ ಮಾಡಿದ್ದು. ಪಾಲಕರ ಫಾರ್ಮಿನಲ್ಲಿ 55 ಪ್ರಶ್ನೆ, ಟೀಚರ ಫಾರ್ಮಿನಲ್ಲಿ 43. ದುಡ್ಡು ಕೊಡಬೇಕಿಲ್ಲ, ಅದಕ್ಕೇ ತುಂಬಾ ಕಡೆ ಓಡಾಡುತ್ತದೆ.

ಸ್ನ್ಯಾಪ್-4. ಇದರ ಚಿಕ್ಕ ರೂಪದಲ್ಲಿ 26 ಪ್ರಶ್ನೆ. ಗಮನಕ್ಕೆ 9, ಚಡಪಡಿಕೆ ಮತ್ತು ಆತುರಕ್ಕೆ 9, ಹಟ ಮತ್ತು ಎದುರಾಡುವುದಕ್ಕೆ 8. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದು 1999ರಲ್ಲಿ ಫಲಿತಾಂಶ ಬಂದ ಎಂಟಿಎ ಅನ್ನುವ ದೊಡ್ಡ ಅಧ್ಯಯನದಲ್ಲಿ ಇದನ್ನೇ ಬಳಸಿದ್ದರು.

ಕಾನರ್ಸ್. ಇದು ಎಲ್ಲಕ್ಕಿಂತ ಹಳೆಯ ಮನೆತನ. ಕೀತ್ ಕಾನರ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1969ರಲ್ಲಿ ಟೀಚರುಗಳಿಗಾಗಿ ಪ್ರಕಟಿಸಿದ ಸ್ಕೇಲಿನಿಂದ ಬಂದದ್ದು. 2008ರಲ್ಲಿ ಮೂರನೇ ಆವೃತ್ತಿ, 2022ರಲ್ಲಿ ನಾಲ್ಕನೆಯದು. ಹಣ ಕೊಟ್ಟು ತರಿಸಬೇಕು, ಹಾಗಾಗಿ ಆಸ್ಪತ್ರೆಗಳಲ್ಲಿ ಮಾತ್ರ ಕಾಣುತ್ತದೆ. ಇದರಲ್ಲಿ ಒಂದು ಜಾಣತನ ಇದೆ. ಒಂದೇ ವಿಷಯವನ್ನು ಬೇರೆ ಬೇರೆ ಕಡೆ ಬೇರೆ ಮಾತಿನಲ್ಲಿ ಕೇಳುತ್ತದೆ. ಉತ್ತರಗಳು ತಾಳೆಯಾಗದಿದ್ದರೆ, ತುಂಬಿದವರು ಓದದೆ ಗುರುತು ಹಾಕಿದ್ದಾರಾ ಅಂತ ಅನುಮಾನಿಸಲು ಡಾಕ್ಟರಿಗೆ ದಾರಿ ಇರುತ್ತದೆ.

ಎಸ್‌ಡಿಕ್ಯೂ. ಬ್ರಿಟನ್ನಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದು. ಒಂದೇ ಹಾಳೆ, 25 ಪ್ರಶ್ನೆ. ಎಡಿಎಚ್‌ಡಿಗೆ ಮಾತ್ರ ಅಂತಲ್ಲ, ಬೇಸರ, ಹೆದರಿಕೆ, ಜಗಳ, ಗೆಳೆಯರ ಜೊತೆಗಿನ ಒಡನಾಟ ಎಲ್ಲ ಸ್ವಲ್ಪ ಸ್ವಲ್ಪ ಕೇಳುತ್ತದೆ. ಇದರಲ್ಲಿ ಒಳ್ಳೆಯ ಗುಣಗಳಿಗೂ ಐದು ಪ್ರಶ್ನೆ ಇವೆ. ಬೇರೆಯವರಿಗೆ ಸಹಾಯ ಮಾಡುತ್ತಾನಾ, ಚಿಕ್ಕವರ ಹತ್ತಿರ ಪ್ರೀತಿಯಿಂದ ಇರುತ್ತಾನಾ ಅಂತ. ಅಮ್ಮಂದಿರ ಮುಖ ಅಲ್ಲಿ ಸ್ವಲ್ಪ ಅರಳುತ್ತದೆ. ಕನ್ನಡದಲ್ಲೂ ಸಿಗುತ್ತದೆ, ಮಲಯಾಳದಲ್ಲೂ ಸಿಗುತ್ತದೆ. ನಮ್ಮ ಜಿಲ್ಲೆಗೆ ಮೊದಲ ಹೆಜ್ಜೆಗೆ ಇದೇ ಅನುಕೂಲ ಅಂತ ನನ್ನ ಅಭಿಪ್ರಾಯ.

ಸಿಬಿಸಿಎಲ್. ಉದ್ದದ್ದು, ನೂರರ ಮೇಲೆ ಪ್ರಶ್ನೆ. ತುಂಬುವಷ್ಟರಲ್ಲಿ ಚಹಾ ಎರಡು ಸಲ ತಣ್ಣಗಾಗುತ್ತದೆ. ಆದರೆ ಬೇರೇನಾದರೂ ಸಮಸ್ಯೆ ಅಡಗಿದ್ದರೆ ಸುಳಿವು ಸಿಗುತ್ತದೆ.

ಇವು ಬಿಟ್ಟು, ನಮ್ಮ ದೇಶದ ಮಕ್ಕಳಿಗೆ ಅಂತಲೇ ಇನ್‌ಕ್ಲೆನ್ ಸಂಸ್ಥೆ ಮಾಡಿದ ಒಂದು ಸಾಧನ ಇದೆ, 6ರಿಂದ 9 ವರ್ಷದವರಿಗೆ. ಅದನ್ನು ನೀವು ತುಂಬುವುದಲ್ಲ, ತರಬೇತಿ ಪಡೆದವರು ನಿಮ್ಮ ಹತ್ತಿರ ಕೇಳಿ ತುಂಬುತ್ತಾರೆ.

ಸ್ಕೋರು ಹೇಗೆ ಲೆಕ್ಕ ಹಾಕುತ್ತಾರೆ?

ವ್ಯಾಂಡರ್‌ಬಿಲ್ಟ್ ಪಾಲಕರ ಫಾರ್ಮನ್ನೇ ತೆಗೆದುಕೊಳ್ಳೋಣ. ಮೊದಲ 9 ಪ್ರಶ್ನೆ ಗಮನದ ಬಗ್ಗೆ. 10ರಿಂದ 18 ಚಡಪಡಿಕೆ, ಆತುರದ ಬಗ್ಗೆ. ಪ್ರತಿಯೊಂದಕ್ಕೂ 0, 1, 2, 3. ಅಂದರೆ ಯಾವತ್ತೂ ಇಲ್ಲ, ಕೆಲವೊಮ್ಮೆ, ಆಗಾಗ, ತುಂಬಾ ಸಲ.

ಎಲ್ಲರೂ ಮಾಡುವ ಕೆಲಸ ಅಂದರೆ ಒಟ್ಟು ಕೂಡಿಸಿ 54ಕ್ಕೆ ಎಷ್ಟು ಬಂತು ಅಂತ ನೋಡುವುದು. ಆದರೆ ಲೆಕ್ಕ ಹಾಗಲ್ಲ. 2 ಅಥವಾ 3 ಬಿದ್ದ ಪ್ರಶ್ನೆಗಳನ್ನು ಮಾತ್ರ ಎಣಿಸಬೇಕು. ಮೊದಲ ಒಂಬತ್ತರಲ್ಲಿ ಅಂಥವು 6 ಇದ್ದರೆ ಗಮನದ ಕಡೆಯದು ಲೆಕ್ಕಕ್ಕೆ ಬಂತು. ಎರಡನೇ ಒಂಬತ್ತರಲ್ಲಿ 6 ಇದ್ದರೆ ಚಡಪಡಿಕೆ. ಎರಡರಲ್ಲೂ ಇದ್ದರೆ ಎರಡೂ ಸೇರಿದ ಬಗೆ. ಒಂಬತ್ತಕ್ಕೂ 1 ಹಾಕಿದ ತಾಯಿಯ ಮಗುವಿಗೆ 9 ಅಂಕ ಬಂದರೂ ಎಣಿಕೆ ಸೊನ್ನೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಕೊನೆಯಲ್ಲಿ 48ರಿಂದ 55ರವರೆಗೆ ಇನ್ನೊಂದು ಭಾಗ ಇದೆ. ಓದು, ಬರಹ, ಲೆಕ್ಕ, ಅಪ್ಪ ಅಮ್ಮನ ಜೊತೆ, ಗೆಳೆಯರ ಜೊತೆ ಹೇಗೆ ಅಂತ 1ರಿಂದ 5ರವರೆಗೆ. ಇಲ್ಲಿ ಕನಿಷ್ಠ ಒಂದರಲ್ಲಾದರೂ 4 ಅಥವಾ 5, ಅಂದರೆ ತೊಂದರೆ ಇದೆ ಅಂತ ಬರಬೇಕು. ನಾನು ನೋಡಿದ ಹಾಗೆ ಈ ಕೊನೆಯ ಪುಟವನ್ನೇ ಜನ ಜಾಸ್ತಿ ಖಾಲಿ ಬಿಡುವುದು. ಸುಸ್ತಾಗಿರುತ್ತದೆ. ಆದರೆ ಮಗುವಿಗೆ ಇದರಿಂದ ನಿಜವಾಗಿ ತೊಂದರೆ ಆಗುತ್ತಿದೆಯಾ ಅನ್ನುವುದು ಗೊತ್ತಾಗುವುದು ಅಲ್ಲೇ. ಓಡುವ, ಹಾರುವ, ಮಾತಾಡುವ ಹುಡುಗ ಪಾಠದಲ್ಲೂ ಸರಿ, ಗೆಳೆಯರಲ್ಲೂ ಸರಿ ಅಂದರೆ ಅವನು ಬರೀ ಚೂಟಿ ಹುಡುಗ.

ನಡುವಿನ 19ರಿಂದ 47ರವರೆಗಿನ ಪ್ರಶ್ನೆಗಳು ಹಟ, ಸುಳ್ಳು, ಹೊಡೆದಾಟ, ಹೆದರಿಕೆ, ಬೇಸರ ಇವುಗಳ ಬಗ್ಗೆ. ಕೆಲವು ಓದುವಾಗ ಕೋಪ ಬರುತ್ತದೆ. ಆಯುಧ ಬಳಸಿದ್ದಾನಾ, ಬೆಂಕಿ ಹಚ್ಚಿದ್ದಾನಾ ಅಂತೆಲ್ಲ ಇರುತ್ತದೆ. ನಿಮ್ಮ ಮಗುವನ್ನು ಅನುಮಾನಿಸಿ ಕೇಳಿದ್ದಲ್ಲ. ಎಲ್ಲರಿಗೂ ಒಂದೇ ಫಾರ್ಮು.

ಕಾನರ್ಸಿನ ರಿಪೋರ್ಟ್ ಬೇರೆ ತರ. ಅದರಲ್ಲಿ ಟಿ ಸ್ಕೋರ್ ಅಂತ ಬರುತ್ತದೆ. 50 ಅಂದರೆ ಅದೇ ವಯಸ್ಸಿನ ಮಕ್ಕಳ ಸರಾಸರಿ. 65 ದಾಟಿದರೆ ಜಾಸ್ತಿ, 70 ದಾಟಿದರೆ ತುಂಬಾ ಜಾಸ್ತಿ. "70 ಬಂದಿದೆ, ಫಸ್ಟ್ ಕ್ಲಾಸ್ ಅಲ್ವಾ" ಅಂತ ಒಬ್ಬರು ಅಜ್ಜ ಖುಷಿ ಪಟ್ಟಿದ್ದರು, ಪಾಪ. ಆ ಸರಾಸರಿ ಯಾವ ಮಕ್ಕಳದ್ದು ಅನ್ನುವುದನ್ನೂ ಕೇಳಬೇಕು. ಅಮೆರಿಕದ ಮಕ್ಕಳ ಸರಾಸರಿಗೆ ಪೆರ್ಲದ ಮಗುವನ್ನು ಹೋಲಿಸಿದಾಗ ಡಾಕ್ಟರು ಸ್ವಲ್ಪ ಕೈ ಬಿಗಿ ಹಿಡಿದೇ ಓದಬೇಕಾಗುತ್ತದೆ.

"ಕೆಲವೊಮ್ಮೆ" ಹಾಕಬೇಕಾ "ಆಗಾಗ" ಹಾಕಬೇಕಾ ಅಂತ ಗೊತ್ತಾಗಲ್ಲ

ಮೇಲಿನ ಲೆಕ್ಕದಲ್ಲಿ ನೋಡಿದಿರಲ್ಲ, 1ಕ್ಕೂ 2ಕ್ಕೂ ನಡುವೆಯೇ ಗೆರೆ ಇರುವುದು. ಹಾಗಾಗಿ ಈ ಪ್ರಶ್ನೆ ಸಣ್ಣದಲ್ಲ.

ನಾನು ಹೇಳಿಕೊಡುವ ರೀತಿ ಇದು. ಫಾರ್ಮಿನ ವಾಕ್ಯ ಓದಿ ಕೂಡಲೇ ಗುರುತು ಹಾಕಬೇಡಿ. ಕಳೆದ ವಾರದ ಒಂದು ಘಟನೆ ನೆನಪು ಮಾಡಿಕೊಳ್ಳಿ. "ಬೇಕಾದ ವಸ್ತುಗಳನ್ನು ಕಳೆದುಕೊಳ್ಳುತ್ತಾನೆ" ಅಂತ ಇದೆ ಅನ್ನಿ. ಅಮ್ಮ "ಹಾಂ, ಕಳೀತಾನೆ" ಅಂತ 3ಕ್ಕೆ ಪೆನ್ನು ಒಯ್ಯುತ್ತಾರೆ. ನಾನು ಕೇಳುತ್ತೇನೆ, ಏನು ಕಳೆದ? ಕೊಡೆ. ಯಾವಾಗ? ಜೂನ್‌ನಲ್ಲಿ. ಆಮೇಲೆ? ಪೆನ್ಸಿಲು. ವಾರಕ್ಕೆ ಎಷ್ಟು? ಆಗ ಅಜ್ಜಿ ಒಳಗಿಂದ, "ದಿನಕ್ಕೊಂದು ಪೆನ್ಸಿಲು, ನಿನ್ನೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿ ಬಂದಿದ್ದಾನೆ" ಅನ್ನುತ್ತಾರೆ. ಈಗ 3 ಹಾಕಬಹುದು. ಬರೀ ಕೊಡೆಯ ಕಥೆ ಮಾತ್ರ ಆಗಿದ್ದರೆ 1. ಕಾಸರಗೋಡಿನ ಮಳೆಗಾಲದಲ್ಲಿ ಕೊಡೆ ಕಳೆಯದ ಮಗು ಯಾವುದಿದೆ?

ಇನ್ನೊಂದು, ಅದೇ ವಯಸ್ಸಿನ ಬೇರೆ ಮಕ್ಕಳಿಗೆ ಹೋಲಿಸಿ. ಅಕ್ಕನಿಗೆ ಹೋಲಿಸಬೇಡಿ. ಹತ್ತು ವರ್ಷದ ಅಕ್ಕ ಅಚ್ಚುಕಟ್ಟು ಅಂತ ಆರು ವರ್ಷದ ತಮ್ಮನಿಗೆ ಎಲ್ಲಾ 3 ಹಾಕಿದರೆ ಅವನಿಗೆ ಅನ್ಯಾಯ. ನೆನಪಿನ ಕಾಲ ಸಾಮಾನ್ಯವಾಗಿ ಕಳೆದ ಆರು ತಿಂಗಳು. ಅಜ್ಜ ತೀರಿಕೊಂಡ ತಿಂಗಳು, ಜ್ವರ ಬಂದ ವಾರ ಇವನ್ನೇ ಮನಸ್ಸಿನಲ್ಲಿಟ್ಟು ತುಂಬಬೇಡಿ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಫಾರ್ಮು ಇಂಗ್ಲಿಷು. ಇದರಿಂದ ಸ್ಕೋರು ಬದಲಾಗುತ್ತಾ?

ಬದಲಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದನ್ನೇ ಮೊದಲು ನೋಡಬೇಕು ಅಂತ ನಾನು ಎಲ್ಲರ ಹತ್ತಿರ ಹಟ ಮಾಡುವುದು.

ಸಪ್ತಭಾಷೆಯ ಊರು ಅಂತ ನಾವು ಭಾಷಣದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆರು ವರ್ಷದ ಮಗುವಿನ ಕಡೆಯಿಂದ ಸ್ವಲ್ಪ ನೋಡಿ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಪಾಠ ಪುಸ್ತಕದ ಕನ್ನಡದಲ್ಲಿ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. ಈಗ ಸ್ಕೇಲಿನ ಪ್ರಶ್ನೆಗಳನ್ನು ಓದಿ. "ನೇರವಾಗಿ ಮಾತಾಡಿಸಿದರೂ ಕೇಳಿಸಿಕೊಳ್ಳದ ಹಾಗೆ ಇರುತ್ತಾನೆ." "ಹೇಳಿದ ಕೆಲಸವನ್ನು ಪೂರ್ತಿ ಮಾಡುವುದಿಲ್ಲ." "ತಲೆ ಓಡಿಸಬೇಕಾದ ಕೆಲಸ ಅಂದರೆ ತಪ್ಪಿಸಿಕೊಳ್ಳುತ್ತಾನೆ." ಮಾತು ಅರ್ಥ ಆಗದ ಮಗುವೂ ಇದನ್ನೇ ಮಾಡುತ್ತದೆ ಅಲ್ವಾ? ಗಮನದ ಒಂಬತ್ತು ಪ್ರಶ್ನೆಗಳಲ್ಲಿ ಮೂರು ನಾಲ್ಕಕ್ಕಾದರೂ ಭಾಷೆಯ ತೊಡಕು 2 ಅಥವಾ 3 ತಂದುಕೊಡಬಹುದು. ಇನ್ನೆರಡು ಸೇರಿದರೆ ಆರು ಆಯಿತು.

ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಒಂದೇ ಕೆಲಸವನ್ನು ಎರಡು ಭಾಷೆಯಲ್ಲಿ ಹೇಳಿ ನೋಡುವುದು. ಹಿಂದಿನ ಬೆಂಚಿನ ಹುಡುಗನಿಗೆ ಟೀಚರು "ಪುಸ್ತಕ ತೆಗೆದು ಹನ್ನೆರಡನೇ ಪುಟದ ಚಿತ್ರದ ಕೆಳಗಿನ ಸಾಲು ಬರೆದುಕೊಳ್ಳಿ" ಅಂದಾಗ ಅವನು ಕಿಟಕಿ ನೋಡುತ್ತಾ ಕೂತಿದ್ದ. ಅದನ್ನೇ ತುಳುವಿನಲ್ಲಿ ಹೇಳಿದಾಗ ಪುಟ ತೆಗೆದ, ಬರೆದ, ಪಕ್ಕದವನಿಗೆ ತೋರಿಸಿಯೂ ಕೊಟ್ಟ. ಅವನಿಗೆ ಬೇಕಾದದ್ದು ಮಾತ್ರೆಯಲ್ಲ, ಭಾಷೆಯ ಸಹಾಯ. ಹಾಗಂತ ತುಳುವಿನಲ್ಲಿ ಹೇಳಿದರೂ ಅರ್ಧಕ್ಕೇ ಬಿಟ್ಟು ಎದ್ದು ಹೋಗುವ ಮಕ್ಕಳೂ ಇದ್ದಾರೆ. ಭಾಷೆ ನೆಪ ಅಂತ ಅವರನ್ನು ವರ್ಷಗಟ್ಟಲೆ ತಳ್ಳಿಕೊಂಡು ಹೋಗುವುದೂ ತಪ್ಪು. ಎಡಿಎಚ್‌ಡಿ ಇದ್ದರೆ ಅದು ಎಲ್ಲಾ ಭಾಷೆಯಲ್ಲೂ ಇರುತ್ತದೆ.

ಫಾರ್ಮಿನ ಭಾಷೆ ನಿಮಗೆ ಅರ್ಥ ಆಗದಿದ್ದರೆ ನಾಚಿಕೆ ಬೇಡ, ಯಾರಾದರೂ ಓದಿ ಹೇಳಲಿ. ಆದರೆ ಆ "ಯಾರಾದರೂ" ಮಗುವಿನ ಅಕ್ಕನೋ ಅಣ್ಣನೋ ಆಗದಿರಲಿ. ಮನೆಯಲ್ಲಿ ಜಗಳ ಆಗುತ್ತದೆ. ಯಾವ ಭಾಷೆಯ ಫಾರ್ಮು, ಯಾರು ಓದಿ ಹೇಳಿದರು ಅಂತ ಮೇಲೆ ಒಂದು ಗೆರೆ ಬರೆದುಬಿಡಿ.

ಕ್ಲಾಸ್ ಟೀಚರಿಗೇ ಕನ್ನಡ ಸರಿ ಬರಲ್ಲ. ಅವರು ತುಂಬಿದ ಫಾರ್ಮು ನಂಬಬಹುದಾ?

ಕನ್ನಡ ಮಾಧ್ಯಮ ಕ್ಲಾಸಿಗೆ ಕನ್ನಡ ಗೊತ್ತಿಲ್ಲದವರನ್ನು ನೇಮಿಸಿದ ವಿಷಯದಲ್ಲಿ ನಮ್ಮಲ್ಲಿ ಎಷ್ಟು ಪ್ರತಿಭಟನೆ ಆಗಿದೆ ಅಂತ ನಿಮಗೇ ಗೊತ್ತು. ಆ ಜಗಳ ಇಲ್ಲಿ ಬೇಡ. ಫಾರ್ಮಿನ ಮಟ್ಟಿಗೆ ಹೇಳುವುದಾದರೆ, ಅಂಥ ಕ್ಲಾಸಿನಲ್ಲಿ ಗಮನ ಕೊಡದ ಮಕ್ಕಳು ಒಬ್ಬಿಬ್ಬರಲ್ಲ, ಅರ್ಧ ಕ್ಲಾಸು ಇರುತ್ತದೆ. ಹಾಗಾಗಿ ಮಗುವಿನ ಭಾಷೆ ಗೊತ್ತಿರುವ ಇನ್ನೊಬ್ಬ ಟೀಚರ ಹತ್ತಿರವೂ ಒಂದು ಫಾರ್ಮು ತುಂಬಿಸಿ. ಎರಡನ್ನೂ ಡಾಕ್ಟರಿಗೆ ಕೊಡಿ. ಒಂದನ್ನು ಅಡಗಿಸಿಡಬೇಡಿ.

ವ್ಯಾಂಡರ್‌ಬಿಲ್ಟ್ ಟೀಚರ ಫಾರ್ಮಿನಲ್ಲಿ, ಈ ಮಗುವನ್ನು ಎಷ್ಟು ವಾರದಿಂದ ನೋಡುತ್ತಿದ್ದೀರಿ ಅಂತ ಕೇಳುವ ಜಾಗ ಇದೆ. ಅದನ್ನು ತುಂಬಿಸಿಕೊಳ್ಳಿ. ಜೂನ್‌ನಲ್ಲಿ ಶಾಲೆ ಶುರುವಾಗಿ ಹತ್ತು ದಿನಕ್ಕೇ ತುಂಬಿದ ಫಾರ್ಮಿಗೆ ಬೆಲೆ ಕಮ್ಮಿ. ಓಣಂ ಪರೀಕ್ಷೆ ಹೊತ್ತಿಗೆ ಟೀಚರಿಗೆ ಮಕ್ಕಳು ಸರಿಯಾಗಿ ಗೊತ್ತಾಗಿರುತ್ತಾರೆ. ಮೇ ತಿಂಗಳಲ್ಲಿ ಹುಟ್ಟಿದ ಮಗು ಅದೇ ಕ್ಲಾಸಿನ ಬೇರೆಯವರಿಗಿಂತ ಹತ್ತು ಹನ್ನೊಂದು ತಿಂಗಳು ಚಿಕ್ಕದು ಅನ್ನುವುದನ್ನೂ ನೆನಪಿಸಿ. ಕ್ಲಾಸಿನ ಅತಿ ಚಿಕ್ಕ ಮಕ್ಕಳಿಗೆ ಎಡಿಎಚ್‌ಡಿ ಅನ್ನುವ ಹೆಸರು ಜಾಸ್ತಿ ಬೀಳುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ನಾನು ತುಂಬಿದ್ದಕ್ಕೂ ಟೀಚರು ತುಂಬಿದ್ದಕ್ಕೂ ಹೊಂದಿಕೆಯೇ ಇಲ್ಲ. ಯಾರದ್ದು ಸುಳ್ಳು?

ಯಾರದ್ದೂ ಅಲ್ಲ. 1987ರಲ್ಲಿ ಆಕನ್‌ಬಾಕ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ಇಂಥ ತುಂಬಾ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಾಲಕರು, ಟೀಚರು ಹೀಗೆ ಮಗುವನ್ನು ಬೇರೆ ಬೇರೆ ಕಡೆ ನೋಡುವವರ ಉತ್ತರಗಳ ನಡುವಿನ ಹೊಂದಿಕೆ 0.28ರಷ್ಟು ಮಾತ್ರ ಇತ್ತು. ಪೂರ್ತಿ ಹೊಂದಿದರೆ 1 ಆಗಬೇಕಿತ್ತು. ಅಪ್ಪ ಮತ್ತು ಅಮ್ಮನ ಹಾಗೆ ಒಂದೇ ಜಾಗದಲ್ಲಿ ನೋಡುವ ಇಬ್ಬರ ನಡುವೆ 0.60. ಅಂದರೆ ಹೊಂದದಿರುವುದೇ ಮಾಮೂಲು.

ಮನೆಯಲ್ಲಿ ತೋಟ, ಅಂಗಳ, ದನದ ಹಟ್ಟಿ, ಓಡಲು ಬೇಕಾದಷ್ಟು ಜಾಗ. ಅಲ್ಲಿ ಅವನ ಚಡಪಡಿಕೆ ಯಾರಿಗೂ ಉಪದ್ರ ಅಲ್ಲ. ಶಾಲೆಯಲ್ಲಿ ಒಂದು ಬೆಂಚಿನಲ್ಲಿ ನಾಲ್ಕು ಜನ. ಟೀಚರ ಕಡೆಯಿಂದ ಆಗುವ ಇನ್ನೊಂದು ತಪ್ಪೂ ಇದೆ. ಎದುರಾಡುವ, ಹಟದ ಹುಡುಗನಿಗೆ ಗಮನದ ಪ್ರಶ್ನೆಗಳಲ್ಲೂ ಜಾಸ್ತಿ ಅಂಕ ಬಿದ್ದುಬಿಡುತ್ತದೆ, ಅವನು ಪಾಠ ಕೇಳುತ್ತಿದ್ದರೂ.

ಎಡಿಎಚ್‌ಡಿ ಅಂತ ಹೇಳಲು ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಬೇಕು, ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಮನೆ, ಶಾಲೆ ಹೊಂದದಿದ್ದರೆ ಮೂರನೇ ಜಾಗ ಹುಡುಕಿ. ಟ್ಯೂಷನ್ ಟೀಚರು, ಮದರಸದ ಉಸ್ತಾದರು, ಯಕ್ಷಗಾನ ಕ್ಲಾಸಿನ ಗುರುಗಳು. ಫಾರ್ಮು ಬೇಡ, ಎರಡು ಸಾಲು ಬರೆದುಕೊಟ್ಟರೂ ಸಾಕು.

ಮಗುವಿನ ಅಪ್ಪ ದುಬೈಯಲ್ಲಿದ್ದಾರೆ. ಫಾರ್ಮು ಯಾರು ತುಂಬಬೇಕು?

ಮಗುವಿನ ಜೊತೆ ದಿನಾ ಇರುವವರು. ವೀಡಿಯೋ ಕಾಲಿನಲ್ಲಿ ಹತ್ತು ನಿಮಿಷ ನೋಡುವ ಅಪ್ಪನಿಗೆ ಮಗ ಬಂಗಾರ, ಅದು ಸಹಜ. ಅಜ್ಜಿ ತಾತ ಸಾಕುತ್ತಿದ್ದರೆ ಅವರೇ ಹೇಳಲಿ, ನೀವು ಬರೆಯಿರಿ. ಅಪ್ಪ ರಜೆಯಲ್ಲಿ ಬಂದ ತಿಂಗಳು ಮಕ್ಕಳ ದಿನಚರಿಯೇ ಬೇರೆಯಾಗಿರುತ್ತದೆ, ಸಾಧ್ಯವಾದರೆ ಆಗ ತುಂಬಬೇಡಿ.

"ಅವನ ಅಪ್ಪನೂ ಹೀಗೇ ಇದ್ದ, ಈಗ ಸಂಬಳ ತರ್ತಾ ಇಲ್ವಾ" ಅಂತ ಅಜ್ಜಿ ಹೇಳಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಎಡಿಎಚ್‌ಡಿ ವಂಶದಲ್ಲಿ ಬರುವುದು ತುಂಬಾ ಜಾಸ್ತಿ. ಅಜ್ಜಿ ವಾದ ಮಾಡಲು ಹೇಳಿದ ಮಾತು ಡಾಕ್ಟರಿಗೆ ಒಳ್ಳೆಯ ಮಾಹಿತಿ.

ರಾತ್ರಿ ಇಡೀ ಯಕ್ಷಗಾನ ಆಟ ನೋಡುತ್ತಾನೆ, ಮೊಬೈಲ್ ಹಿಡಿದರೆ ಏಳಲ್ಲ. ಗಮನ ಇಲ್ಲ ಅಂತ ಹೇಗೆ ಹೇಳ್ತೀರಿ?

ಚೆಂಡೆ ಪೆಟ್ಟು, ಬಣ್ಣ, ಕುಣಿತ ಇರುವ ಯಕ್ಷಗಾನ ಮಗುವನ್ನು ತಾನೇ ಹಿಡಿದಿಡುತ್ತದೆ. ಮೊಬೈಲಂತೂ ಹಿಡಿದಿಡಲಿಕ್ಕೇ ಮಾಡಿದ್ದು. ಎಡಿಎಚ್‌ಡಿ ಇರುವ ಮಕ್ಕಳಿಗೂ ಇಷ್ಟದ ವಿಷಯದಲ್ಲಿ ಗಮನ ನಿಲ್ಲುತ್ತದೆ. ಬೇಜಾರಿನ ಕೆಲಸದಲ್ಲಿ, ಮಗ್ಗಿ ಬರೆಯುವಾಗ, ಊಟ ಮುಗಿಸುವಾಗ ಗಮನವನ್ನು ತಾವಾಗಿ ಹಿಡಿದಿಡಲು ಆಗುವುದಿಲ್ಲ. ಸ್ಕೇಲಿನ ಪ್ರಶ್ನೆಗಳು ಇಂಥ ಕೆಲಸಗಳ ಬಗ್ಗೆಯೇ ಇರುತ್ತವೆ. ಮೊಬೈಲ್ ನೋಡುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು 0 ಹಾಕಬೇಡಿ.

ಮಗಳು ಯಾರಿಗೂ ತೊಂದರೆ ಕೊಡಲ್ಲ, ಸುಮ್ನೆ ಕೂರ್ತಾಳೆ. ಅವಳಿಗೂ ಫಾರ್ಮು ಕೊಟ್ಟಿದ್ದಾರಲ್ಲ?

ಕೊಟ್ಟ ಟೀಚರಿಗೆ ಒಂದು ಥ್ಯಾಂಕ್ಸ್ ಹೇಳಿ. ಓಡದ, ಬೊಬ್ಬೆ ಹಾಕದ, ಆದರೆ ಮನಸ್ಸು ಎಲ್ಲೋ ಇರುವ ಬಗೆಯೂ ಎಡಿಎಚ್‌ಡಿಯಲ್ಲಿ ಇದೆ. ಹುಡುಗಿಯರಲ್ಲಿ ಇದೇ ಜಾಸ್ತಿ ತಪ್ಪಿ ಹೋಗುವುದು. ಎರಡನೇ ಒಂಬತ್ತರಲ್ಲಿ ಎಲ್ಲಾ ಸೊನ್ನೆ ಬಂದರೂ ಮೊದಲ ಒಂಬತ್ತನ್ನು ನಿಧಾನವಾಗಿ ನೋಡಿ.

ಮಗುವಿಗೆ ನಾಲ್ಕು ವರ್ಷ, ಅಂಗನವಾಡಿಯಲ್ಲಿ ಒಂದು ಕ್ಷಣ ಕೂರಲ್ಲ

ನಾಲ್ಕು ವರ್ಷದ ಯಾವ ಮಗು ಕೂರುತ್ತದೆ? ಮೇಲೆ ಹೇಳಿದ ಹೆಚ್ಚಿನ ಸ್ಕೇಲುಗಳು ಆರು ವರ್ಷದಿಂದ ಮೇಲೆ. ಎಸ್‌ಡಿಕ್ಯೂಗೂ ಸಿಬಿಸಿಎಲ್‌ಗೂ ಚಿಕ್ಕ ಮಕ್ಕಳ ಆವೃತ್ತಿ ಇದೆ. ನಿಜವಾಗಿ ಕಷ್ಟ ಇದ್ದರೂ ಈ ವಯಸ್ಸಿನಲ್ಲಿ ಮೊದಲು ಮಾಡುವುದು ಮಾತ್ರೆಯಲ್ಲ, ಮಗುವನ್ನು ನಿಭಾಯಿಸುವ ಬಗೆಯಲ್ಲಿ ಅಪ್ಪ ಅಮ್ಮನಿಗೆ ತರಬೇತಿ. ಆದರೆ ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ಕಾಯಬೇಡಿ, ಅದು ಬೇರೆ ವಿಷಯ, ಕೂಡಲೇ ತೋರಿಸಿ.

ಸ್ಕೋರು ಜಾಸ್ತಿ ಬಂದಿದೆ. ಹಾಗಾದರೆ ಎಡಿಎಚ್‌ಡಿ ಖಂಡಿತಾನಾ?

ಅಲ್ಲ. ಮುಂದೆ ನೋಡಬೇಕು ಅಂತ ಅಷ್ಟೇ. ಕಿವಿ ಸರಿ ಕೇಳದ ಮಗು, ಬೋರ್ಡು ಕಾಣದ ಮಗು, ರಾತ್ರಿ ಗೊರಕೆ ಹೊಡೆದು ನಿದ್ದೆ ಸಾಲದ ಮಗು, ಓದಲು ಬಾರದ್ದಕ್ಕೆ ಪುಸ್ತಕ ಕಂಡರೆ ಓಡುವ ಮಗು, ಮನೆಯ ಜಗಳಕ್ಕೆ ಹೆದರಿದ ಮಗು, ಇವರೆಲ್ಲರ ಸ್ಕೋರೂ ಜಾಸ್ತಿ ಬರಬಹುದು. ಕೆಲವು ಸೆಕೆಂಡು ನೋಟ ನಿಂತು, ಕರೆದರೂ ಗೊತ್ತಾಗದೆ, ಮತ್ತೆ ಏನೂ ಆಗದ ಹಾಗೆ ಇರುವ ಒಂದು ಬಗೆಯ ಅಪಸ್ಮಾರ ಇದೆ. ಅದನ್ನು "ಕನಸು ಕಾಣ್ತಾ ಕೂರ್ತಾಳೆ" ಅಂತ ವರ್ಷಗಟ್ಟಲೆ ಬೈದವರಿದ್ದಾರೆ. ಕಿವಿ ಮತ್ತು ಕಣ್ಣಿನ ಪರೀಕ್ಷೆ ಮೊದಲು ಮಾಡಿಸಿ. ಅದಕ್ಕೆ ಮಂಗಳೂರಿಗೆ ಹೋಗಬೇಕಂತ ಇಲ್ಲ.

ಉಲ್ಟಾ ಕೂಡ ನಿಜ. ಸ್ಕೋರು ಗೆರೆಗಿಂತ ಒಂದು ಕಮ್ಮಿ ಬಂತು ಅಂತ ಫೈಲು ಮುಚ್ಚಬಾರದು. ಐದು ಲಕ್ಷಣ ಇರುವ ಮಗುವಿಗೂ ಶಾಲೆಯಲ್ಲಿ ಕಷ್ಟ ಆಗುತ್ತಿದ್ದರೆ ಸಹಾಯ ಬೇಕೇ ಬೇಕು.

ನಮ್ಮದು ಎಣ್ಮಕಜೆ ಕಡೆ. ಇದು ಎಂಡೋಸಲ್ಫಾನ್‌ನಿಂದ ಬಂದಿರಬಹುದಾ?

ಈ ಪ್ರಶ್ನೆ ಬೇರೆ ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳದವರಿಲ್ಲ. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು ಎರಡು ದಶಕಕ್ಕೂ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು, 2000ದಲ್ಲಿ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಎಣ್ಮಕಜೆಯ ಪಡ್ರೆ ಊರಿನ ಮಕ್ಕಳನ್ನು ಪರೀಕ್ಷಿಸಿದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು, ಕಲಿಕೆ ಮತ್ತು ವರ್ತನೆಗೆ ಸಂಬಂಧಿಸಿದ ನರದ ತೊಂದರೆಗಳು ಅಲ್ಲಿ ಜಾಸ್ತಿ ಇವೆ ಅಂತ ವರದಿ ಕೊಟ್ಟಿದ್ದರು. ಹಾಗಾಗಿ ನಿಮ್ಮ ಭಯ ಸುಮ್ನೆ ಬಂದದ್ದಲ್ಲ.

ಆದರೆ ರೇಟಿಂಗ್ ಸ್ಕೇಲು ಕಾರಣ ಹೇಳುವುದಿಲ್ಲ. ಎಂಡೋಸಲ್ಫಾನ್ ಕಾಲಂ ಅದರಲ್ಲಿ ಇಲ್ಲ. ಸಿಂಪಡಣೆ ನಿಂತು ಎಷ್ಟೋ ವರ್ಷಗಳ ನಂತರ ಹುಟ್ಟಿದ ಒಂದು ಮಗುವಿನ ಚಡಪಡಿಕೆಗೆ ಇದೇ ಕಾರಣ ಅಂತ ಒಂದು ಫಾರ್ಮು ನೋಡಿ ಹೇಳುವವರನ್ನು ನಂಬಬೇಡಿ, ಅಲ್ಲವೇ ಅಲ್ಲ ಅಂತ ಕೈ ಬೀಸುವವರನ್ನೂ ನಂಬಬೇಡಿ. ತಾಯಿ ಎಲ್ಲಿ ಬೆಳೆದರು, ಗರ್ಭಿಣಿಯಾಗಿದ್ದಾಗ ಎಲ್ಲಿದ್ದರು, ಮನೆಯಲ್ಲಿ ಬೇರೆ ಯಾರಿಗೆ ತೊಂದರೆ ಇದೆ ಅನ್ನುವುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಸಹಾಯ ಮಾತ್ರ ಕಾರಣ ಗೊತ್ತಾಗುವವರೆಗೆ ಕಾಯಬೇಕಾಗಿಲ್ಲ.

ನೆಟ್‌ನಲ್ಲಿ ಟೆಸ್ಟ್ ಮಾಡಿದೆ, ಎಡಿಎಚ್‌ಡಿ ಅಂತ ಬಂತು

ನೀವು ರಾತ್ರಿ ಹನ್ನೊಂದಕ್ಕೆ, ಹೋಂವರ್ಕ್ ಜಗಳ ಮುಗಿದ ಮೇಲೆ ಮಾಡಿದಿರಿ ಅಲ್ವಾ? ಮರುದಿನ ಬೆಳಿಗ್ಗೆ ಮಾಡಿ ನೋಡಿ, ಬೇರೆ ಉತ್ತರ ಬರಬಹುದು.

ಮಾತ್ರೆ ಶುರು ಮಾಡಿದ ಮೇಲೆ ಮತ್ತೆ ಯಾಕೆ ಅದೇ ಫಾರ್ಮು?

ಸ್ಕೇಲಿನ ಒಳ್ಳೆಯ ಉಪಯೋಗ ಇದೇ ಅಂತ ನನಗನಿಸುತ್ತದೆ. ಮೊದಲ ಸಲದ ಹಾಳೆ ಮತ್ತು ಈಗಿನ ಹಾಳೆ ಪಕ್ಕ ಪಕ್ಕ ಇಟ್ಟರೆ, ಏನು ಕಮ್ಮಿಯಾಯಿತು, ಏನು ಹಾಗೇ ಇದೆ ಅಂತ ಕಾಣುತ್ತದೆ. "ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ" ಅನ್ನುವುದಕ್ಕಿಂತ ಅದು ಎಷ್ಟೋ ವಾಸಿ. ವ್ಯಾಂಡರ್‌ಬಿಲ್ಟಿಗೆ ಇದಕ್ಕೆಂದೇ ಬೇರೆ ಫಾರ್ಮು ಇದೆ, ಹಸಿವು ಕಮ್ಮಿ, ತಲೆನೋವು, ನಿದ್ದೆ ಬಾರದಿರುವುದು ಹೀಗೆ ಅಡ್ಡ ಪರಿಣಾಮಗಳನ್ನೂ ಕೇಳುತ್ತದೆ. ಮೊದಲ ಸಲ ಯಾರು ತುಂಬಿದ್ದರೋ ಅವರೇ ತುಂಬಬೇಕು. ಮಗು ಮಾತ್ರೆ ತೆಗೆದುಕೊಂಡ ದಿನಗಳನ್ನು ನೋಡಿ ತುಂಬಿದ್ದಾ, ಬಿಟ್ಟ ದಿನಗಳನ್ನಾ ಅಂತ ಮೇಲೆ ಬರೆಯಿರಿ. ಮಾತ್ರೆ ಕೊಡುವುದು, ನಿಲ್ಲಿಸುವುದು ಫಾರ್ಮು ನೋಡಿ ನೀವು ತೀರ್ಮಾನಿಸುವ ವಿಷಯ ಅಲ್ಲ.

ತೋರಿಸಲಿಕ್ಕೆ ಎಲ್ಲಿಗೆ ಹೋಗಬೇಕು? ಮಂಗಳೂರಿಗೇ ಹೋಗಬೇಕಾ?

ನಮ್ಮಲ್ಲಿ ನೆಗಡಿಗೂ ಮಂಗಳೂರು ಬಸ್ಸು ಹತ್ತುವ ಅಭ್ಯಾಸ. ಮೊದಲು ಇಲ್ಲಿಯದ್ದನ್ನು ಕೇಳಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನುವ ಸರಕಾರದ ಮಕ್ಕಳ ಆರೋಗ್ಯ ಯೋಜನೆಯಲ್ಲಿ ಹುಟ್ಟಿದಲ್ಲಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ, ಅದರ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಅದರ ಕೆಳಗೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನುವ, ಮಕ್ಕಳ ತೊಂದರೆಗೆ ಬೇಗನೆ ಸಹಾಯ ಕೊಡುವ ಕೇಂದ್ರ. ಶಾಲೆಯ ಮೂಲಕ ಬಿಆರ್‌ಸಿಯನ್ನು, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರವನ್ನು ಕೇಳಿದರೆ ವಿಶೇಷ ಶಿಕ್ಷಕರ ಸಹಾಯ ಸಿಗಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕುಗಳೂ ಇವೆ. ಎಲ್ಲಿಗೆ ಹೋಗುವುದು ಅಂತಲೇ ಗೊತ್ತಾಗದಿದ್ದರೆ ಟೆಲಿ ಮಾನಸ್ ಅನ್ನುವ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಇಲ್ಲಿಯ ಕ್ಲಿನಿಕ್ಕಿನಲ್ಲಿ ಮಗುವಿನ ಜೊತೆ ಮಲಯಾಳದಲ್ಲಿ ಮಾತಾಡಿದರೆ, ಅವನಿಗೆ ಬಾರದು, ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ಅಂತ ಹೇಳುವ ಹಕ್ಕು ನಿಮಗಿದೆ. ಮಂಗಳೂರಿನಲ್ಲಿ ಆ ಒಂದು ಕಷ್ಟ ಇಲ್ಲ, ಅದಕ್ಕೇ ಜನ ಅಲ್ಲಿಗೆ ಹೋಗುವುದು, ಅದರಲ್ಲಿ ತಪ್ಪೂ ಇಲ್ಲ. ಆದರೆ ಅಲ್ಲಿಯ ಫೈಲು ಇಲ್ಲಿಗೆ ತಾನಾಗಿ ಬರುವುದಿಲ್ಲ. 2020ರಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ ಕರ್ನಾಟಕ ಗಡಿ ಮುಚ್ಚಿದಾಗ ಎಷ್ಟೋ ಜನರ ಚಿಕಿತ್ಸೆ ಅರ್ಧಕ್ಕೇ ನಿಂತಿತ್ತು. ತುಂಬಿದ ಪ್ರತಿ ಫಾರ್ಮಿನ, ಪ್ರತಿ ರಿಪೋರ್ಟಿನ ಜೆರಾಕ್ಸ್ ಮನೆಯಲ್ಲಿ ಇರಲಿ.

ಈ ಸ್ಕೋರು ತೋರಿಸಿದರೆ ಪರೀಕ್ಷೆಯಲ್ಲಿ ರಿಯಾಯ್ತಿ ಸಿಗುತ್ತಾ?

ಬರೀ ಸ್ಕೋರಿಗೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಎಡಿಎಚ್‌ಡಿ ಜೊತೆಗೆ ಕಲಿಕಾ ನ್ಯೂನತೆಯೂ ಇರುವ ಮಕ್ಕಳು ತುಂಬಾ ಇದ್ದಾರೆ, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಎಸ್ಸೆಸ್ಸೆಲ್ಸಿ ಹತ್ತಿರ ಬಂದ ಮೇಲೆ ಓಡಾಡುವ ಬದಲು ಎಂಟನೇ ಕ್ಲಾಸಿನಲ್ಲೇ ಹೆಡ್‌ಮಾಸ್ಟ್ರ ಹತ್ತಿರ ಕೇಳಿಕೊಳ್ಳಿ, ಯಾವ ಕಾಗದ, ಯಾರ ಸಹಿ ಬೇಕು ಅಂತ.

ಡಾಕ್ಟರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು?

ತುಂಬಿದ ಫಾರ್ಮುಗಳು, ನಿಮ್ಮದು ಮತ್ತು ಟೀಚರದ್ದು. ಮಗುವಿನ ಎರಡು ನೋಟ್ ಪುಸ್ತಕ, ಕನ್ನಡದ್ದೊಂದು, ಲೆಕ್ಕದ್ದೊಂದು. ಹೊಸದಾಗಿ ಬೈಂಡ್ ಹಾಕಿದ್ದು ಬೇಡ, ಅರ್ಧ ಬರೆದು ಬಿಟ್ಟ, ಅಂಚಿನಲ್ಲಿ ಚಿತ್ರ ಗೀಚಿದ ಪುಸ್ತಕವೇ ಬೇಕು. ಹಳೆಯ ಪ್ರೋಗ್ರೆಸ್ ಕಾರ್ಡು, ಕಿವಿ ಮತ್ತು ಕಣ್ಣಿನ ರಿಪೋರ್ಟು, ಹುಟ್ಟಿದಾಗಿನ ಕಾಗದ ಇದ್ದರೆ ಅದು. ಮಗು ಯಾವ ಭಾಷೆಯನ್ನು ಯಾವಾಗ ಮಾತಾಡಲು ಶುರು ಮಾಡಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಕೇಳಿದಾಗ ನೆನಪಾಗುವುದಿಲ್ಲ. ಮಗುವಿನ ಎದುರೇ ಅವನ ಕಂಪ್ಲೇಂಟು ಪೂರ್ತಿ ಹೇಳಬೇಡಿ. ಅವನನ್ನು ಹೊರಗೆ ಕೂರಿಸಲು ಮನೆಯಿಂದ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ, ಬುತ್ತಿಯನ್ನೂ ಒಯ್ಯಿರಿ, ಕ್ಯೂ ಉದ್ದ ಇರುತ್ತದೆ.